ಪಾರ್ಕಿನ ಸನ್ನಿಯೂ ಮೂಡಲಗಿರಿಯಪ್ಪನ ಕೋಲೂ

ಮಧುಗಿರಿ ಬೆಟ್ಟ ಈಗ ಇರುವ ಜಾಗದಲ್ಲಿ ಮೊದಲು ಇರಲಿಲ್ಲ. ಎಂಬತ್ತನಾಲ್ಕನೇ ಇಸವಿಯವರೆಗೂ ಅದು ಪುರವರದ ಕಡೆಗೆ ಎರಡು ಮಾರು ಮುಂದಕ್ಕೇ ಇತ್ತು. ಆ ವರ್ಷ ಒಂದು ಬೆಳಿಗ್ಗೆ ಕರಿಕಲ್ಲಹಟ್ಟಿಯ ಕುರಿಗಾಹಿ ಮೂಡಲಗಿರಿಯಪ್ಪ ಎರಡೂ ಕೈ ಬೀಸಿಕೊಂಡು, ಹಿಮ್ಮಡಿ ಊರಿ, ಧಡಧಡನೆ ನಡೆದು ಬರುವುದನ್ನು ಬೆಟ್ಟ ನೋಡಿತು. ಎದುರಿಗೆ ನಿಂತರೆ ತನಗೇ ಪೆಟ್ಟಾದೀತು ಎಂದು ಹೆದರಿ, ಹಿಂದಕ್ಕೆ ಸರಿದು ದಾರಿ ಬಿಟ್ಟಿತು. ನಂಬದವರು ಹೋಗಿ ಬೆಟ್ಟವನ್ನೇ ಕೇಳಬಹುದು. ಇಲ್ಲ ಎಂದು ಅದು ಇದುವರೆಗೂ ಯಾರ ಮುಂದೆಯೂ ಹೇಳಿಲ್ಲ.

ಬೆಟ್ಟವನ್ನೇ ಸರಿಸಿದ ಆ ಗಂಡಸು ಅದೇ ವರ್ಷದ ಬೇಸಿಗೆಯಲ್ಲಿ ಹೇಗಿದ್ದ ಗೊತ್ತೇ? ಸುಮ್ಮನೆ ಕೂತಿದ್ದರೂ ಬಲಗೈ ನಡುಗುತ್ತಿತ್ತು. ಹೆಬ್ಬೆರಳೂ ತೋರುಬೆರಳೂ ಇಲ್ಲದ ಉಣ್ಣೆಯನ್ನು ಹೊಸೆಯುತ್ತಿದ್ದವು. ಹೆಜ್ಜೆ ಎಂದರೆ ಗುಬ್ಬಿಯ ಹೆಜ್ಜೆ. ಜಗಲಿಯಿಂದ ಬಚ್ಚಲಿಗೆ ಹೊರಟರೆ, ಅಷ್ಟರಲ್ಲಿ ಕೊರಟಗೆರೆ ಬಸ್ಸು ಶಿರಾ ಮುಟ್ಟಿ, ಟೀ ಕುಡಿದು, ತಿರುಗಿ ಬರುತ್ತಿತ್ತು. ಬೆನ್ನು ಬಾಗಿತ್ತು. ದನಿ ಇಳಿದಿತ್ತು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಮರದಲ್ಲಿ ಕೆತ್ತಿಟ್ಟ ಹಾಗೆ.

ಹಟ್ಟಿಯ ಜನ ತಲೆಗೊಂದು ಮಾತಾಡಿದರು.

"ವಯಸ್ಸಾಯ್ತು ಬುಡು, ಎಲ್ರಿಗೂ ಇಂಗೇಯ" ಎಂದರು ಕೆಲವರು.

"ಮೈಮ್ಯಾಲೆ ದ್ಯಾವ್ರು ಬರಾ ಸೂಚ್ನೆ ಕಣ್ಲಾ, ಕೈ ನಡುಗ್ತಾ ಐತೆ ನೋಡು" ಎಂದರು ಇನ್ನು ಕೆಲವರು. ಒಬ್ಬನಂತೂ ಕಳೆದುಹೋದ ತನ್ನ ಮೇಕೆ ಯಾವ ದಿಕ್ಕಿಗಿದೆ ಎಂದು ಕೇಳಲು ತೆಂಗಿನಕಾಯಿ ಹಿಡಿದೇ ಬಂದ.

"ಸೊಕ್ಕು ಕಣಮ್ಮ. ಮಾತಾಡುಸ್ದ್ರೂ ನಗಾಕಿಲ್ಲ" ಎಂದಳು ಪಕ್ಕದ ಮನೆಯ ಹೊನ್ನಕ್ಕ.

ಮೂಡಲಗಿರಿಯಪ್ಪನ ಹೆಂಡತಿ ಕಾಟಮ್ಮನಿಗೆ ಮಾತ್ರ ಗೊತ್ತಿತ್ತು, ಇದು ಸೊಕ್ಕೂ ಅಲ್ಲ, ದೇವರೂ ಅಲ್ಲ ಎಂದು. ಅವಳು ತನ್ನ ತಮ್ಮ ಮಾರಣ್ಣನಿಗೆ ಹೇಳಿ ಕಳಿಸಿದಳು.

ಈ ಮಾರಣ್ಣನ ವಿಷಯ ಸ್ವಲ್ಪ ಹೇಳಲೇಬೇಕು. ಅವನು ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟ್. ನೋಡಲು ಬಲು ಚೆಲುವ. ಬುದ್ಧಿಯಲ್ಲಿ ಅವನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇಲ್ಲ. ಐದನೆಯದರಲ್ಲಿ ಯಾರೂ ಹುಡುಕಿಲ್ಲ. ಅವನು ಒಮ್ಮೆ "ಪಾವಗಡಾ" ಎಂದು ಕೂಗಿದರೆ, ಪಾವಗಡದಲ್ಲಿ ಮಲಗಿದ್ದವರೂ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಇಂಗ್ಲಿಷಂತೂ ಅವನ ಬಾಯಲ್ಲಿ ನೀರು ಕುಡಿದಷ್ಟು ಸಲೀಸು: ರೈಟ್, ಹೋಲ್ಡಾನ್, ಎಸ್ ಸಾರ್.

ಕೊರಟಗೆರೆಗೆ ಬೆಂಗಳೂರಿನಿಂದ ನರರೋಗದ ಡಾಕ್ಟರು ಬಂದು ಶಿಬಿರ ಮಾಡುತ್ತಾರೆಂದು ಮಾರಣ್ಣನಿಗೆ ಗೊತ್ತಿತ್ತು. ಭಾವನನ್ನು ಬಸ್ಸು ಹತ್ತಿಸಿಕೊಂಡು ಹೋದ. ಅಲ್ಲಿ ಜನವೋ ಜನ. ಒಂದು ಕಡೆ ಮೈಕು ಕೂಗುತ್ತಿತ್ತು, ಇನ್ನೊಂದು ಕಡೆ ಮಕ್ಕಳು. ಡಾಕ್ಟರು ಮೂಡಲಗಿರಿಯಪ್ಪನ ಕೈಯನ್ನು ಮಡಚಿ ಬಿಡಿಸಿ ನೋಡಿದರು. ಬೆರಳಿಗೆ ಬೆರಳು ತಟ್ಟಿಸಿದರು. ಬಾಗಿಲವರೆಗೆ ನಡೆಸಿ ವಾಪಸು ಕರೆದರು.

"ಪಾರ್ಕಿನ್ಸನ್" ಎಂದರು. "ಮಾತ್ರೆ ಕೊಡ್ತೀನಿ, ಹೊತ್ತಿಗೆ ಸರಿಯಾಗಿ ನುಂಗಿಸಿ. ದಿನಾ ವ್ಯಾಯಾಮ ಮಾಡಿಸಿ. ತಿಳೀತಾ?"

"ಎಸ್ ಸಾರ್" ಎಂದ ಮಾರಣ್ಣ.

ತಿಳಿದದ್ದು ಏನು? ಮೈಕಿನ ಗಲಾಟೆಯಲ್ಲಿ ಅವನ ಕಿವಿಗೆ ಬಿದ್ದದ್ದು 'ಪಾರ್ಕಿನ ಸನ್ನಿ.' ವ್ಯಾಯಾಮದ ಮಾತೂ ಕೇಳಿಸಿತು. ಆದರೆ ಬಡಕಲು ಭಾವನಿಗೆ ಯಾರಾದರೂ ವ್ಯಾಯಾಮ ಹೇಳುತ್ತಾರೆಯೇ? ಹಿಂದೆ ಸರದಿಯಲ್ಲಿ ಗುಡಾಣದಂಥ ಹೊಟ್ಟೆಯ ಆಸಾಮಿಯೊಬ್ಬ ನಿಂತಿದ್ದ. ಅದು ಅವನಿಗೆ ಹೇಳಿದ್ದು ಎಂದು ಮಾರಣ್ಣ ತೀರ್ಮಾನ ಮಾಡಿದ.

ಹಟ್ಟಿಗೆ ಬಂದವನೇ ಜಗಲಿಯ ಮೇಲೆ ನಿಂತು ಸಾರಿದ: "ಅಕ್ಕಯ್ಯ, ಗೊತ್ತಾಗ್ಬುಡ್ತು. ಭಾವಂಗೆ ಪಾರ್ಕಿನ ಸನ್ನಿ!"

ಕಾಟಮ್ಮ ಎದೆ ಹಿಡಿದುಕೊಂಡಳು. "ಅಯ್ಯೋ ಶಿವನೇ! ಹೌದು ಕಣ್ಲಾ. ಆವತ್ತು ತುಮಕೂರಿಗೆ ಹೋದಾಗ ಪಾರ್ಕಲ್ಲಿ ಕಲ್ಲುಬೆಂಚಿನ ಮ್ಯಾಲೆ ಕೂತ್ಕಂಡು ಕಳ್ಳೇಕಾಯಿ ತಿಂದಿದ್ರು. ಥಂಡಿ ಕಲ್ಲು, ಬ್ಯಾಡ ಅಂತ ನಾನು ಬಡ್ಕಂಡೆ. ಕೇಳುದ್ರಾ?"

"ಅಲ್ಲೇ ಹತ್ಕಂಡಿರಾದು" ಎಂದ ಮಾರಣ್ಣ, ಡಾಕ್ಟರಿಗಿಂತ ಗಂಭೀರವಾಗಿ.

ಸನ್ನಿ ಎಂದರೆ ಥಂಡಿ ಹತ್ತಿ ತಲೆಗೇರುವ ಜ್ವರ. ಹಟ್ಟಿಯಲ್ಲಿ ಅದಕ್ಕೆ ಮಾಡುವ ಆರೈಕೆ ಎಲ್ಲರಿಗೂ ಗೊತ್ತು. ರೋಗಿಗೆ ಗಾಳಿ ಸೋಕಬಾರದು. ನೆಲ ತುಳಿಯಬಾರದು. ಕಂಬಳಿ ಹೊದಿಸಿ, ಬಾಗಿಲು ಮುಚ್ಚಿ, ಮೆಣಸಿನ ಕಷಾಯ ಕುಡಿಸಿ ಮಲಗಿಸಬೇಕು. ಹಾಗೆಯೇ ಮಾಡಿದರು. ಶಿರಾದ ಕರಿ ಕಂಬಳಿಯ ಮೇಲೆ ಕಂಬಳಿ. ಬಿಸಿಲು ಎಂಥದ್ದೆಂದರೆ, ಅಂಗಳದಲ್ಲಿ ಕೋಳಿ ಇಟ್ಟ ಮೊಟ್ಟೆ ನೆಲ ಮುಟ್ಟುವಷ್ಟರಲ್ಲಿ ಬೆಂದಿರುತ್ತಿತ್ತು. ಆ ಬಿಸಿಲಲ್ಲಿ ಮೂಡಲಗಿರಿಯಪ್ಪ ಕಂಬಳಿಯೊಳಗೆ ಬೆವರುತ್ತಾ ಮಲಗಿದ. ಮಾತ್ರೆಯನ್ನೇನೋ ಕಾಟಮ್ಮ ತಪ್ಪದೆ ಕೊಟ್ಟಳು. ನಡುಕ ಸ್ವಲ್ಪ ಇಳಿಯಿತು. ಆದರೆ ಮಲಗಿದ ಮೈ ದಿನದಿಂದ ದಿನಕ್ಕೆ ಬಿಗಿಯುತ್ತಾ ಬಂತು. ಮಗ್ಗುಲಾಗಲು ಒಬ್ಬರು ಬೇಕು, ಎದ್ದು ಕೂರಲು ಇಬ್ಬರು ಬೇಕು.

ಅವನ ಕುರಿಮಂದೆ ಹಟ್ಟಿಯ ಹಿಂದಿನ ರೊಪ್ಪದಲ್ಲಿ ಬ್ಯಾ ಎನ್ನುತ್ತಿತ್ತು. ರೊಪ್ಪವೆಂದರೆ ಮುಳ್ಳುಬೇಲಿ ಹಾಕಿದ ಕುರಿದೊಡ್ಡಿ. ಮನೆಯ ಕೆಲಸ, ಗಂಡನ ಆರೈಕೆ, ಮಂದೆ ಕಾಯುವುದು, ಮೂರನ್ನೂ ಕಾಟಮ್ಮ ಒಬ್ಬಳೇ ಎಷ್ಟು ದಿನ ಮಾಡಿಯಾಳು? ಪಾವಗಡದ ಓಬಳೇಶ ಎಂಬ ಕುರಿ ವ್ಯಾಪಾರಿಗೆ ಮಾರಣ್ಣನೇ ಹೇಳಿ ಕಳಿಸಿದ: ಮುಂಗಾರು ಹಿಡಿಯುವ ಮುಂಚೆ ಬಂದು ಮಂದೆ ಹೊಡೆದುಕೊಂಡು ಹೋಗು.

ಕಂಬಳಿಯೊಳಗಿನಿಂದ ಸಣ್ಣ ದನಿ ಬಂತು. "ಮಂದೆ... ಕೊಡಬ್ಯಾಡ ಕಾಟಿ."

"ಇನ್ನೇನ್ ಮಾಡ್ಲಿ? ನೀನು ಎದ್ದು ಅವುಗಳ ಹಿಂದೆ ಹೋಗಂಗಿದ್ರೆ ಯಾಕೆ ಕೊಡ್ತಿದ್ದೆ?"

ಮೂಡಲಗಿರಿಯಪ್ಪನ ಮುಖ ಮರದ ಹಾಗೇ ಇತ್ತು. ಕಣ್ಣಿನಿಂದ ಮಾತ್ರ ನೀರಿಳಿಯಿತು. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನು ಅವನು. ಮಂದೆ ಹೋದರೆ ತಾನು ಏಳುವುದಾದರೂ ಯಾತಕ್ಕೆ?

ಇಂಥ ಹೊತ್ತಿನಲ್ಲಿ ಮಕ್ಕಳಿಗೆ ಲಸಿಕೆ ಹಾಕಲು ಪುರವರದಿಂದ ನರ್ಸಮ್ಮ ಸಿದ್ದಗಂಗಮ್ಮ ಬಂದರು. ನಗುನಗುತ್ತಾ ಸೂಜಿ ಚುಚ್ಚುವ ಹೆಂಗಸು. ಕಾಟಮ್ಮನ ಮನೆಯ ಬಾಗಿಲು ಹಾಡುಹಗಲೇ ಮುಚ್ಚಿರುವುದನ್ನು ನೋಡಿ ಒಳಗೆ ಇಣುಕಿದರು.

"ಇದ್ಯಾರು ಕಾಟಮ್ಮ, ಈ ಬಿಸಿಲಲ್ಲಿ ಮೂಟೆ ಕಟ್ಟಿಟ್ಟಿದ್ದೀರಿ?"

"ನಮ್ಮೆಜಮಾನ್ರು ಕಣಮ್ಮ. ಸನ್ನಿ."

ನರ್ಸಮ್ಮ ಹಣೆ ಮುಟ್ಟಿ ನೋಡಿದರು. "ಜ್ವರಾನೇ ಇಲ್ವಲ್ಲ. ಯಾವ ಸನ್ನಿ?"

"ಪಾರ್ಕಿನ ಸನ್ನಿ" ಎಂದ ಮಾರಣ್ಣ, ಇದೂ ಗೊತ್ತಿಲ್ಲವೇ ಎನ್ನುವ ಹಾಗೆ.

ನರ್ಸಮ್ಮ ಒಂದು ಗಳಿಗೆ ಅವನ ಮುಖವನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು ನೋಡಿ, ಮಾಡಿನ ಮೇಲಿದ್ದ ಹೆಂಚು ಸಡಿಲವಾಗಿ ಎದುರು ಮನೆಯ ಮಾಡಿನ ಮೇಲೆ ಹೋಗಿ ಕೂತಿತು.

"ಅಯ್ಯೋ ಮಾರಣ್ಣ! ಕೊರಟಗೆರೆ ಶಿಬಿರದಲ್ಲಿ ಡಾಕ್ಟರ ಪಕ್ಕದಲ್ಲೇ ನಿಂತಿದ್ದೆ ನಾನು. ಪಾರ್ಕಿನ ಸನ್ನಿ ಅಲ್ಲಪ್ಪ, ಪಾರ್ಕಿನ್ಸನ್. ಅದು ಒಬ್ಬ ಡಾಕ್ಟರ ಹೆಸರು. ಈ ಕಾಯಿಲೆ ವಿಷಯ ಮೊದಲು ವಿವರವಾಗಿ ಬರೆದಿಟ್ಟೋರು ಅವರು."

"ಅಂಗಾರೆ ಪಾರ್ಕಲ್ಲಿ ಕೂತು ಕಳ್ಳೇಕಾಯಿ ತಿಂದಿದ್ಕೆ ಬಂದಿಲ್ವಾ?" ಎಂದಳು ಕಾಟಮ್ಮ.

"ಪಾರ್ಕಿಂದಾನೂ ಬರಲ್ಲ, ಕಳ್ಳೇಕಾಯಿಂದಾನೂ ಬರಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಮಾಟ ಅಲ್ಲ, ಹುಚ್ಚೂ ಅಲ್ಲ. 'ಏಳು, ನಡಿ, ಕೈ ಎತ್ತು' ಅಂತ ಮೆದುಳು ಮೈಗೆ ಹೇಳ್ತದಲ್ಲ, ಆ ಮಾತು ತಲುಪಿಸೋಕೆ ಒಂದು ರಸ ಬೇಕು. ಈ ಕಾಯಿಲೇಲಿ ಆ ರಸ ಕಮ್ಮಿ ಆಗ್ತದೆ. ಅದಕ್ಕೇ ನಡುಕ, ಬಿಗಿತ, ನಿಧಾನ. ಮುಖದಲ್ಲಿ ನಗು ಮೂಡಲ್ಲ ಅಂದ್ರೆ ಒಳಗೆ ಸಂತೋಷ ಇಲ್ಲ ಅಂತಲ್ಲ. ಮುಖದ ಸ್ನಾಯುಗಳೂ ಬಿಗಿದುಕೊಂಡಿರ್ತವೆ."

ಬಾಗಿಲಲ್ಲಿ ನಿಂತಿದ್ದ ಹೊನ್ನಕ್ಕ ಮೆಲ್ಲಗೆ ಹಿಂದಕ್ಕೆ ಸರಿದಳು. ಸೊಕ್ಕು ಎಂದವಳು ಅವಳೇ ತಾನೆ?

"ಮಾತ್ರೆ ಕೊಡ್ತಿದ್ದೀರಲ್ಲ, ಅದು ಒಳ್ಳೇದು ಮಾಡಿದ್ರಿ. ಆದ್ರೆ ಅರ್ಧ ಔಷಧಿ ಮಾತ್ರ ಕೊಟ್ಟಿದ್ದೀರಿ. ಇನ್ನರ್ಧ ವ್ಯಾಯಾಮ" ಎಂದರು ನರ್ಸಮ್ಮ.

ಮಾರಣ್ಣನಿಗೆ ಸೋಲು ಒಪ್ಪಿ ಅಭ್ಯಾಸವಿರಲಿಲ್ಲ. "ಏನ್ ನರ್ಸಮ್ಮ ನೀವು? ನಡುಗೋ ಮನುಷ್ಯಂಗೆ ರೆಸ್ಟು ಬೇಕಾ, ಕಸರತ್ತು ಬೇಕಾ? ಈ ವಯಸ್ಸಲ್ಲಿ ನಮ್ ಭಾವಂಗೆ ಲಂಗೋಟಿ ಕಟ್ಸಿ ಗರಡಿಗೆ ಇಳಿಸ್ತೀರಾ? ಗುಂಡುಕಲ್ಲು ಎತ್ತುಸ್ತೀರಾ?"

"ನಿನ್ನ ಬಸ್ಸನ್ನ ಒಂದು ಮಳೆಗಾಲ ಬಯಲಲ್ಲಿ ನಿಲ್ಲಿಸಿಬಿಡು. ಆಮೇಲೆ ಕೀ ಕೊಟ್ಟ ತಕ್ಷಣ ಓಡ್ತದಾ?"

"ಎಲ್ಲಿ ಓಡ್ತದೆ? ತುಕ್ಕು ಹಿಡಿದು, ನಾಲ್ಕು ಜನ ನೂಕಿದ್ರೂ ಜಗ್ಗಾಕಿಲ್ಲ."

"ನಿಮ್ಮ ಭಾವನ ಮೈಗೆ ನೀವು ಮಾಡಿರೋದೂ ಅದೇ."

ಮಾರಣ್ಣನ ಬಾಯಿ ಮುಚ್ಚಿತು. ಅದು ಅಷ್ಟು ಹೊತ್ತು ಮುಚ್ಚಿದ್ದು ಅವನು ಹುಟ್ಟಿದ ಮೇಲೆ ಅದೇ ಮೊದಲು.

ನರ್ಸಮ್ಮ ಸುಮ್ಮನೆ ಹೇಳಿ ಹೋಗಲಿಲ್ಲ. ಮೂಡಲಗಿರಿಯಪ್ಪನನ್ನು ಮಧುಗಿರಿ ಆಸ್ಪತ್ರೆಗೆ ಕರೆಸಿ, ಎದೆ, ರಕ್ತದೊತ್ತಡ ಎಲ್ಲ ಡಾಕ್ಟರಿಂದ ನೋಡಿಸಿದರು. ಎಷ್ಟು ಮಾಡಬಹುದು, ಏನು ಮಾಡಬಹುದು ಎಂದು ಕೇಳಿಕೊಂಡರು. ಆಮೇಲೆ ಹಟ್ಟಿಗೆ ಬಂದು ಜಗಲಿಯ ಮೇಲೆಯೇ ಪಾಠ ಶುರುಮಾಡಿದರು.

"ಮಾತ್ರೆ ನುಂಗಿ ಮೈ ಸಡಿಲ ಆದ ಹೊತ್ತಲ್ಲಿ ಮಾಡಿಸಬೇಕು, ಗೊತ್ತಾಯ್ತಾ ಕಾಟಮ್ಮ? ಮೊದಲು ಏಳೋದು. ಯಜಮಾನ್ರೇ, ಜಗಲಿ ಅಂಚಿಗೆ ಬನ್ನಿ. ಪಾದ ಎರಡೂ ಹಿಂದಕ್ಕೆ ಎಳ್ಕೊಳ್ಳಿ. ಮೂಗು ಮೊಣಕಾಲಿಗಿಂತ ಮುಂದೆ ಬರಲಿ. ಹಾಂ, ಈಗ ಏಳಿ!"

ಎದ್ದ. ತೂರಾಡಿದ. ಕಾಟಮ್ಮ ಹಿಡಿದುಕೊಂಡಳು.

"ಮತ್ತೆ ಕೂತ್ಕೊಳ್ಳಿ. ಮತ್ತೆ ಏಳಿ. ಈಗ ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲಿ. ತಲೆ, ಭುಜ ಎಲ್ಲಾ ಗೋಡೆಗೆ ತಾಗಲಿ. ಈಗ ನಡಿಗೆ. ಗುಬ್ಬಿ ಹೆಜ್ಜೆ ಬೇಡ. ದೊಡ್ಡ ಹೆಜ್ಜೆ. ಮೊದಲು ಹಿಮ್ಮಡಿ ಊರಬೇಕು. ಕೈ ಬೀಸಬೇಕು. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗಬೇಡಿ, ಬಿದ್ದುಬಿಡ್ತೀರಿ. ಮಂದೆ ತಿರುಗಿಸ್ತೀರಲ್ಲ, ಹಂಗೆ ಅಗಲವಾಗಿ ಸುತ್ತು ಹಾಕಿ ಬನ್ನಿ."

ಮಂದೆ ಎಂದ ಕೂಡಲೇ ಮೂಡಲಗಿರಿಯಪ್ಪ ತಲೆ ಎತ್ತಿದ.

"ಕುರೀನ ಹೆಂಗೆ ಕೂಗ್ತಿದ್ರಿ? ಒಂದು ಸಲ ಕೂಗಿ."

"ಹೋ...ಯ್" ಎಂದ, ಇಲಿ ಸದ್ದು ಮಾಡಿದ ಹಾಗೆ.

"ಜೋರಾಗಿ. ದನಿಗೂ ವ್ಯಾಯಾಮ ಬೇಕು."

"ಹೋಯ್...!"

ರೊಪ್ಪದಿಂದ ಮುದಿ ಟಗರೊಂದು ಬ್ಯಾ ಎಂದಿತು. ಯಜಮಾನನ ದನಿಯನ್ನು ಅದು ಬಹಳ ದಿನದ ಮೇಲೆ ಕೇಳಿತ್ತು. ಕಾಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೂಗು, ಇನ್ನೊಂದ್ಸಲ ಕೂಗು" ಎಂದಳು.

ಬೆರಳಿಗೂ ಕೆಲಸ ಬೇಕೆಂದು ನರ್ಸಮ್ಮ ಹೇಳಿದಾಗ ಕಾಟಮ್ಮ ಉಣ್ಣೆಯ ಬುಟ್ಟಿ ತಂದು ಮುಂದಿಟ್ಟಳು. ಹಿಂಜಲಿ, ಬೆರಳು ಓಡಾಡಲಿ. ನಡಿಗೆಯೊಂದೇ ಹದಕ್ಕೆ ಬರಲಿಲ್ಲ. ನಾಲ್ಕು ಹೆಜ್ಜೆ ದೊಡ್ಡದಾಗಿ ಹಾಕಿದರೆ ಐದನೆಯದು ಗುಬ್ಬಿ, ಆರನೆಯದು ಇರುವೆ.

"ತಾಳ ಇದ್ರೆ ಹೆಜ್ಜೆ ಸಲೀಸಾಗಿ ಬರ್ತದೆ. ಯಾರಾದ್ರೂ ಲಯವಾಗಿ ಏನಾದ್ರೂ ಹೇಳ್ತಾ ಜೊತೆಗೆ ನಡೀರಿ" ಎಂದರು ನರ್ಸಮ್ಮ.

ಆಗ ಎದ್ದ ನೋಡಿ ಮಾರಣ್ಣ! ಅಷ್ಟು ಹೊತ್ತು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದವನು ಅಂಗಳಕ್ಕೆ ಹಾರಿದ. ಬಸ್ ಸ್ಟ್ಯಾಂಡಿನ ಗಂಟಲು ತೆರೆದ.

"ಕೊರಟ್‌ಗೆರೆ! ಮದ್‌ಗಿರಿ! ಶಿರಾ! ಪಾವ್‌ಗಡ! ಬಾ ಭಾವ, ಎಡಗಾಲು ಕೊರಟ್‌ಗೆರೆ! ಬಲಗಾಲು ಮದ್‌ಗಿರಿ! ರೈಟ್ ರೈಟ್!"

ಮೂಡಲಗಿರಿಯಪ್ಪನ ಕಾಲು ಆ ಕೂಗಿಗೆ ಸಿಕ್ಕಿಕೊಂಡಿತು. ಕೊರಟಗೆರೆಗೆ ಒಂದು ಹೆಜ್ಜೆ, ಮಧುಗಿರಿಗೆ ಒಂದು ಹೆಜ್ಜೆ. ಅಂಗಳದ ಈ ತುದಿಯಿಂದ ಆ ತುದಿಗೆ ನಾಲ್ಕೂ ಊರು ಸುತ್ತಿ ಬಂದ. ಹಟ್ಟಿಯ ಮಕ್ಕಳೆಲ್ಲ ಹಿಂದೆ ಸಾಲು ಕಟ್ಟಿದರು. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ನಿಜವಾದ ಪಾವಗಡದ ಬಸ್ಸು, ತಾನು ಎಲ್ಲೋ ಹಿಂದೆ ಬಿದ್ದೆ ಎಂದುಕೊಂಡು ಗಾಬರಿಯಿಂದ ಹಾರನ್ ಹೊಡೆಯಿತು.

"ಭೇಷ್" ಎಂದರು ನರ್ಸಮ್ಮ. "ಆದ್ರೆ ಎದೆ ನೋವು, ತಲೆಸುತ್ತು, ಜಾಸ್ತಿ ಉಬ್ಬಸ ಬಂದ್ರೆ ತಕ್ಷಣ ನಿಲ್ಲಿಸಿ. ಜಾರೋ ಚಪ್ಪಲಿ ಬೇಡ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಒಂದಿನ ಮಾಡಿ ಒಂದು ವಾರ ಬಿಟ್ರೆ ಪ್ರಯೋಜನ ಇಲ್ಲ. ಊಟ ಹೆಂಗೋ ಹಂಗೆ, ದಿನಾ."

ದಿನವೂ ನಡೆಯಿತು. ಕಂಬಳಿಗಳು ಬಿದಿರ ಗಳುವಿನ ಮೇಲೆ ಹೋದವು. ಮೊದಮೊದಲು ಮೂಡಲಗಿರಿಯಪ್ಪ ಹಟ ಮಾಡುತ್ತಿದ್ದ. "ಇವತ್ತು ಬ್ಯಾಡ ಕಾಟಿ, ಮೈ ಎಲ್ಲಾ ಮರಗಟ್ಟೈತೆ" ಎನ್ನುತ್ತಿದ್ದ. "ಮರಗಟ್ಟಿರಾದಕ್ಕೇ ಏಳು ಅನ್ನಾದು. ಎದ್ದೇಳು, ಶಿರಾ ಬಸ್ಸು ಹೊರಡ್ತದೆ" ಎನ್ನುತ್ತಿದ್ದಳು ಅವಳು. ಮೈ ಮೆಲ್ಲಗೆ ಸಡಿಲವಾಯಿತು. ಒಬ್ಬನೇ ಮಗ್ಗುಲಾದ. ಒಬ್ಬನೇ ಎದ್ದು ಕೂತ. ಒಂದು ದಿನ ಮಾರಣ್ಣ ಕೂಗುವಾಗ ಎಡವಿ ಬಿದ್ದನೋ ಇಲ್ಲವೋ, ಆ ಮರದ ಮುಖದಲ್ಲಿ ತುಟಿಯ ಒಂದು ಅಂಚು ಮೇಲೆದ್ದಿತು. ಹಟ್ಟಿಗೆ ಹಟ್ಟಿಯೇ ಬಂದು ಆ ನಗುವನ್ನು ನೋಡಿಕೊಂಡು ಹೋಯಿತು.

ಒಂದೇ ಒಂದು ಕಡೆ ಸೋಲು. ರೊಪ್ಪದ ಬಾಗಿಲು. ಅಂಗಳದಲ್ಲಿ ಸಲೀಸಾಗಿ ನಡೆದವನು ಆ ಕಿರಿದಾದ ಬಾಗಿಲಿಗೆ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿಹೋಗುತ್ತಿತ್ತು. ಮಾರಣ್ಣ ಕೈ ಹಿಡಿದು ಎಳೆದ. ಮೇಲಿನ ಮೈ ಮುಂದಕ್ಕೆ ಬಂತು, ಕಾಲು ಬರಲಿಲ್ಲ. ಮುಗ್ಗರಿಸಿ ಬೀಳುವುದರಲ್ಲಿದ್ದ.

"ಎಳೀಲೇಬೇಡಿ, ನೂಕಲೂಬೇಡಿ" ಎಂದು ನರ್ಸಮ್ಮ ಗದರಿದರು. "ಇಕ್ಕಟ್ಟಿನ ಜಾಗದಲ್ಲಿ ಹಿಂಗೆ ಕಾಲು ಕಟ್ಟಿಹಾಕಿದಂಗೆ ಆಗ್ತದೆ ಈ ಕಾಯಿಲೇಲಿ. ದಾಟೋಕೆ ಕಣ್ಣಿಗೆ ಏನಾದ್ರೂ ಒಂದು ಗುರುತು ಬೇಕು."

ಗುರುತಿಗೆ ಮಾರಣ್ಣ ಸುಣ್ಣದ ಗೆರೆ ಎಳೆದ. ಕುರಿಗಳು ತುಳಿದು ಗಳಿಗೆಯಲ್ಲಿ ಅಳಿಸಿದವು. ಮೂಡಲಗಿರಿಯಪ್ಪ ಬೇಲಿಯ ಹೊರಗೇ ನಿಂತು ಮಂದೆಯನ್ನು ನೋಡುತ್ತಿದ್ದ. ಬಾಗಿಲು ದಾಟಿ ಕುರಿಯ ಹಿಂದೆ ಹೊರಡಲಾಗದವನ ಮಂದೆ ಉಳಿಯುವುದು ಹೇಗೆ?

ಅಷ್ಟರಲ್ಲಿ ಓಬಳೇಶ ಬಂದೇಬಿಟ್ಟ. ತಲೆಗೆ ಕೆಂಪು ರುಮಾಲು, ಬಾಯಿ ತುಂಬ ಎಲೆಯಡಿಕೆ.

"ಏಮಮ್ಮಾ ಕಾಟಮ್ಮಾ, ಮಂದೆ ಚೂಪಿಂಚು. ಹೊಡ್ಕಂಡು ಪೋತಾನು. ಮೋಡ ಆಗ್ತೈತೆ" ಎಂದು ಗಡಿಯ ತೆಲುಗು ಬೆರೆಸಿ, ಮಂದೆ ತೋರಿಸೆಂದು ಅವಸರ ಮಾಡಿದ.

ಕಾಟಮ್ಮ ಗಂಡನ ಮುಖ ನೋಡಿದಳು. ಅವನು ರೊಪ್ಪದೊಳಗೇ ಇದ್ದ. ಕುರಿಗಳನ್ನು ಕೊನೆಯ ಸಲ ಮುಟ್ಟಿ ನೋಡುತ್ತೇನೆ ಎಂದು ಹಟ ಹಿಡಿದಿದ್ದನ್ನು ಕಂಡು, ಕಾಟಮ್ಮನೂ ಮಾರಣ್ಣನೂ ಬೆಳಿಗ್ಗೆ ಬೇಲಿಯ ಮುಳ್ಳು ಸರಿಸಿ, ಹಿಂದಿನಿಂದ ಒಳಗೆ ಬಿಟ್ಟಿದ್ದರು. ಮುದಿ ಟಗರಿನ ಕತ್ತಿನ ಮೇಲೆ ಅವನ ನಡುಗುವ ಕೈ ಇತ್ತು.

"ತಗಿ ಬಾಗ್ಲು" ಎಂದ ಮಾರಣ್ಣ, ನೆಲ ನೋಡುತ್ತಾ.

ಬಾಗಿಲು ತೆಗೆದರೂ ಕುರಿಗಳು ಹೊರಬರಲಿಲ್ಲ. ಕೆಂಪು ರುಮಾಲಿನ ಹೊಸ ಮನುಷ್ಯನನ್ನು ನೋಡಿ ಬಾಗಿಲಲ್ಲೇ ಒತ್ತೊತ್ತಾಗಿ ನಿಂತವು. ಕುರಿ ಹೀಗೆ ಮೊಂಡು ಹಿಡಿದಾಗ ಏನು ಮಾಡಬೇಕೆಂದು ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಎಳೆದರೆ ಬರುವುದಿಲ್ಲ, ನೂಕಿದರೆ ಬರುವುದಿಲ್ಲ. ಬಾಗಿಲಿಗೆ ಅಡ್ಡಲಾಗಿ ಕೋಲು ಹಿಡಿಯಬೇಕು. ಮುಂದಿನ ಕುರಿ ಅದನ್ನು ಹಾರುತ್ತದೆ. ಒಂದು ಹಾರಿತೆಂದರೆ ಹಿಂದಿನವೆಲ್ಲ ಹಾರುತ್ತವೆ. ಕೋಲು ತೆಗೆದರೂ ಹಾರುತ್ತವೆ.

ಕಾಟಮ್ಮ ಅಭ್ಯಾಸಬಲದಿಂದ ಗಂಡನ ಕೋಲನ್ನು ತೆಗೆದುಕೊಂಡು ಬಾಗಿಲಿಗೆ ಅಡ್ಡ ಹಿಡಿದಳು. ಟಗರು ಹಾರಿತು. ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಕೊನೆಯ ಮರಿ ಹಾರಿದ ಮೇಲೆ ಒಳಗೆ ಉಳಿದವನು ಮೂಡಲಗಿರಿಯಪ್ಪ. ಬಾಗಿಲಿಗೆ ಬಂದ. ಕಾಲು ಅಂಟಿತು. ಕಾಟಮ್ಮನ ಕಣ್ಣು ಒಮ್ಮೆ ಕುರಿಯ ಕಡೆಗೆ, ಒಮ್ಮೆ ಗಂಡನ ಕಾಲಿನ ಕಡೆಗೆ ಹೋಯಿತು. ಅವಳು ಮೆಲ್ಲಗೆ ಕೋಲನ್ನು ಇಳಿಸಿ ಅವನ ಪಾದದ ಮುಂದೆ ನೆಲದ ಮೇಲೆ ಅಡ್ಡಲಾಗಿ ಇಟ್ಟಳು.

"ದಾಟು" ಎಂದಳು.

ಮೂಡಲಗಿರಿಯಪ್ಪ ಕೋಲನ್ನು ನೋಡಿದ. ಬಲಗಾಲು ಎದ್ದಿತು. ಕೋಲು ದಾಟಿತು. ಹಿಂದೆಯೇ ಎಡಗಾಲೂ ಬಂತು.

"ಲೇ ಅಕ್ಕಯ್ಯ!" ಎಂದು ಮಾರಣ್ಣ ಕಿರುಚಿದ. "ಭಾವನ್ನ ಕುರಿ ಮಾಡ್ಬುಟ್ಯಲ್ಲೇ!"

"ಕುರಿ ಆದ್ರೇನಂತೆ, ಹೊರಕ್ ಬಂದ್ನಲ್ಲ!"

ಮೂಡಲಗಿರಿಯಪ್ಪ ಬಗ್ಗಿ ಕೋಲೆತ್ತಿಕೊಂಡ. ಮಂದೆ ಆಗಲೇ ದಿಕ್ಕಾಪಾಲಾಗುತ್ತಿತ್ತು. "ಹೋ...ಯ್!" ಎಂದ. ಆ ಕೂಗಿಗೆ ಬರಗೂರಿನಲ್ಲಿ ಉಳುತ್ತಿದ್ದ ಎತ್ತುಗಳು ನಿಂತವು. ಶಿರಾ ಕೋಟೆಯ ಮೇಲಿದ್ದ ಪಾರಿವಾಳಗಳು ಹಾರಿದವು. ಕುರಿಗಳೆಲ್ಲ ಒಂದೇ ಸಲ ತಿರುಗಿ ಅವನ ಹತ್ತಿರ ಬಂದವು. ಅವನು ಮುಂದೆ ಹೊರಟ, ಕಾಟಮ್ಮ ಪಕ್ಕದಲ್ಲಿ, ಮಂದೆ ಹಿಂದೆ.

ಓಬಳೇಶ ಎಲೆಯಡಿಕೆ ಅಗಿಯುವುದನ್ನೇ ಮರೆತ. "ಅಬ್ಬಾ, ಈಯಪ್ಪ ನಡುಸ್ತಾ ಉನ್ನಾಡೇ! ಹಾಸಿಗೆ ಹಿಡ್ದವ್ನೆ ಅಂದಿದ್ರಿ?"

"ಹಿಡ್ದಿದ್ದ. ಬುಟ್ಬುಟ್ಟ" ಎಂದ ಮಾರಣ್ಣ. ಓಬಳೇಶ ಬರಿಗೈಯಲ್ಲಿ ಪಾವಗಡಕ್ಕೆ ಹೋದ.

ಇನ್ನು ಮುಂದಿನದನ್ನು ಕೇಳಿ. ಆ ದಿನದಿಂದ ಕಾಯಿಲೆಗೆ ಹಟ್ಟಿಯಲ್ಲಿ ಇರಲು ಮುಖವಿಲ್ಲದಾಯಿತು. ಮೂಡಲಗಿರಿಯಪ್ಪನ ಹೆಜ್ಜೆ ಸದ್ದಿಗೆ ಬೆದರಿ, ಅದು ಗಂಟುಮೂಟೆ ಕಟ್ಟಿಕೊಂಡು ಪಾವಗಡದ ಬಸ್ಸು ಹತ್ತಿ, ಟಿಕೆಟ್ಟೂ ತೆಗೆಯದೆ ಗಡಿ ದಾಟಿ ಓಡಿಹೋಯಿತು. ನಡುಕವಿಲ್ಲ, ಬಿಗಿತವಿಲ್ಲ. ಮೂಡಲಗಿರಿಯಪ್ಪ ಈಗ ಹದಿನಾರರ ಪ್ರಾಯದವನು. ಎಲ್ಲವೂ ಮಾರಣ್ಣನ ಕೂಗಿನ ಮಹಿಮೆ!

ಇಲ್ಲಿಯವರೆಗೆ ನೀವು ಕೇಳಿದ್ದು, ಪುರವರದ ಮಹಿಳಾ ಸಮಾಜದಲ್ಲಿ ನರ್ಸಮ್ಮ ಕರೆದ ಸಭೆಯಲ್ಲಿ, ಹೆಂಗಸರ ಮುಂದೆ ಎದ್ದು ನಿಂತು ಮಾರಣ್ಣನೇ ಹೇಳಿದ ಕಥೆ. ಕೈಬಾಯಿ ಆಡಿಸುತ್ತಾ, ತನ್ನನ್ನು ತಾನೇ 'ಮಾರಣ್ಣ, ಮಾರಣ್ಣ' ಎಂದು ಕರೆದುಕೊಳ್ಳುತ್ತಾ ಹೇಳಿದ. ಹೆಂಗಸರೆಲ್ಲ ನಕ್ಕೂ ನಕ್ಕೂ ಸುಸ್ತಾಗಿದ್ದರು. ನಗದವಳು ಒಬ್ಬಳೇ. ಹಿಂದಿನ ಸಾಲಿನಲ್ಲಿ ಕೂತಿದ್ದ ನರಸಿಂಹಮ್ಮ ಎದ್ದು ನಿಂತಳು.

"ನಮ್ಮನೆಯವ್ರಿಗೂ ಇದೇ ಕಾಯ್ಲೆ ಕಣಣ್ಣ. ಮಾತ್ರೆ ನುಂಗ್ಸಿ ನುಂಗ್ಸಿ ಸಾಕಾಗೋಗೈತೆ. ನೀನು ಹೇಳ್ದಂಗೆ ನಡ್ಸುದ್ರೆ ಕಾಯ್ಲೆ ಓಡೋಗ್ತದಲ್ಲ? ಅಂಗಾರೆ ನಾಳೆಯಿಂದ ಮಾತ್ರೆ ನಿಲ್ಲುಸ್ಬುಡ್ತೀನಿ."

ಮಾರಣ್ಣನ ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ನರ್ಸಮ್ಮ ಅವನನ್ನೇ ನೋಡುತ್ತಿದ್ದರು. ಕಾಟಮ್ಮ ಮುಂದಿನ ಸಾಲಿನಿಂದ ಎದ್ದಳು.

"ಸುಳ್ಳು ಬೊಗಳಾಕೂ ಒಂದು ಮಿತಿ ಬ್ಯಾಡ್ವೇನ್ಲಾ? ಆಯಮ್ಮನ ಗಂಡನ ಪ್ರಾಣದ ಮ್ಯಾಲೆ ಆಡ್ತೀಯಾ? ಹೇಳು, ಇರಾದು ಇದ್ದಂಗೆ ಹೇಳು."

ಬಾಗಿಲ ಬಳಿ ಕೂತಿದ್ದ ಮೂಡಲಗಿರಿಯಪ್ಪ ತನ್ನ ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೊಣಕಾಲ ಮೇಲೆ ಇಟ್ಟ. ಅದು ನಡುಗುತ್ತಿತ್ತು.

ಮಾರಣ್ಣ ಕೈ ಇಳಿಸಿದ. ದನಿಯನ್ನೂ ಇಳಿಸಿದ.

"ಇಲ್ಲ ನರಸಿಂಹಮ್ಮ. ಮಾತ್ರೆ ನಿಲ್ಲುಸ್ಬ್ಯಾಡಿ. ಕಾಯ್ಲೆ ಎಲ್ಲೂ ಓಡೋಗಿಲ್ಲ, ನಮ್ ಭಾವನ್ ಜೊತೇಲೇ ಐತೆ. ಮಾತ್ರೆ ಹೊತ್ತು ತಪ್ಪಿದ್ರೆ ಮೈ ಬಿಗೀತದೆ. ಕೆಲವು ದಿನ ಬೆಳಿಗ್ಗೆ ಅಂಗಿ ಗುಂಡಿ ಹಾಕ್ಕಳಾಕೂ ಕಷ್ಟ. ಮಂದೆ ಪೂರ್ತಿ ಉಳೀಲಿಲ್ಲ. ಓಬಳೇಶ ಬರಿಗೈಲಿ ಹೋಗ್ಲಿಲ್ಲ, ಅರ್ಧ ಹೊಡ್ಕಂಡು ಹೋದ. ಭಾವ ಈಗ ದೂರದ ಹುಲ್ಲುಗಾವ್ಲಿಗೆ ಹೋಗಾಕಿಲ್ಲ. ಕೆರೆ ಏರಿವರ್ಗೆ, ಅಕ್ಕಯ್ಯನ ಜೊತೆ. ಆದ್ರೆ ತನ್ನ ಕಾಲಲ್ಲಿ ಹೋಗ್ತಾನೆ. ತನ್ನ ಕೈಲಿ ಉಣ್ತಾನೆ. ಇನ್ನೊಬ್ರು ಹಿಡೀದೆ ಹಾಸಿಗೆಯಿಂದ ಏಳ್ತಾನೆ. ವ್ಯಾಯಾಮದಿಂದ ಆಗಿದ್ದು ಅದು. ಬುಟ್ರೆ ಮತ್ತೆ ಬಿಗೀತದೆ ಅಂತ ದಿನಾ ಮಾಡ್ತಾನೆ."

"ಅಷ್ಟು ಸಿಕ್ರೂ ಸಾಕು ಕಣಣ್ಣ" ಎಂದಳು ನರಸಿಂಹಮ್ಮ. "ನಮ್ಮೆಜಮಾನ್ರು ಹೊಸ್ತಿಲು ದಾಟಿ ಎಷ್ಟೋ ದಿನ ಆಯ್ತು."

"ನಾಳೆ ನಾನೇ ಬರ್ತೀನಿ. ಮೊದ್ಲು ಡಾಕ್ಟ್ರಿಗೆ ತೋರ್ಸಾನ. ಆಮೇಲೆ ನಡೆಸಾನ" ಎಂದ ಮಾರಣ್ಣ. ಆಮೇಲೆ ಎಲ್ಲರ ಕಡೆಗೂ ತಿರುಗಿದ. ನಿಮ್ಮ ಕಡೆಗೂ.

ಅವನು ಹೇಳಿದ್ದು ಇಷ್ಟು. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರಿಗಾದರೂ ಕೈ ನಡುಗುತ್ತಿದ್ದರೆ, ಹೆಜ್ಜೆ ಚಿಕ್ಕದಾಗುತ್ತಿದ್ದರೆ, ದನಿ ಇಳಿಯುತ್ತಿದ್ದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಡಾಕ್ಟರಿಗೆ ತೋರಿಸಿ. ಅವರ ಮಾತು ಸರಿಯಾಗಿ ಕೇಳಿಸದಿದ್ದರೆ ನಾಚಿಕೆಪಡದೆ ಇನ್ನೊಮ್ಮೆ ಕೇಳಿ. ಪಾರ್ಕಿನ್ಸನ್ ಎಂದು ಅವರು ಹೇಳಿದರೆ ಮಾತ್ರೆಯನ್ನು ಹೊತ್ತಿಗೆ ಕೊಡಿ, ನೀವಾಗಿಯೇ ನಿಲ್ಲಿಸಬೇಡಿ. ಮಂಚಕ್ಕೆ ಕಟ್ಟಿಹಾಕಬೇಡಿ. ಅವರ ಮೈಗೆ ತಕ್ಕ ವ್ಯಾಯಾಮ ಯಾವುದೆಂದು ತಿಳಿದುಕೊಂಡು ದಿನವೂ ಮಾಡಿಸಿ, ಪಕ್ಕದಲ್ಲೇ ಇರಿ. ಕಾಲು ನಿಂತುಹೋದರೆ ಎಳೆಯಬೇಡಿ. ದಾಟಲು ಒಂದು ಗುರುತು ತೋರಿಸಿ.

"ಇದ್ರಲ್ಲಿ ನಾನು ಏನೂ ಸೇರ್ಸಿಲ್ಲ" ಎಂದ ಮಾರಣ್ಣ. "ಸೇರ್ಸಬೇಕಾದ್ದು ನೀವು. ನಾಳೆ ಬೆಳಿಗ್ಗೆ ಅವ್ರ ಜೊತೆ ನಾಲ್ಕು ಹೆಜ್ಜೆ."